ದಡಬಡನ ಬಲಗಾಲು

ಅವನಿಗೆ ದಡಬಡ ಎಂದು ಹೆಸರಿಟ್ಟವಳು ಅವನ ಸ್ವಂತ ಸೋದರತ್ತೆ. ತೊಟ್ಟಿಲಲ್ಲಿ ಮಲಗಿದ್ದಾಗಲೇ ಹೊದಿಕೆಯನ್ನೆಲ್ಲ ಒದ್ದು ಕೆಡವುತ್ತಿದ್ದ ಕೂಸನ್ನು ನೋಡಿ ಆಕೆ ತಮಾಷೆಗೆ ಆಡಿದ ಮಾತು, ಶಾಲೆಯ ಹೆಸರನ್ನೂ ನುಂಗಿ ಹಾಕಿ ಅವನಿಗೆ ಕಾಯಂ ಆಗಿ ಅಂಟಿಕೊಂಡಿತು. ಊಟದ ತಟ್ಟೆಯ ಅಂಚು, ಬಾಗಿಲ ಚಿಲಕ, ಸರದಿಯಲ್ಲಿ ಮುಂದೆ ನಿಂತವರ ಬೆನ್ನು, ಎಲ್ಲವೂ ಅವನ ಬೆರಳುಗಳಿಗೆ ಡ್ರಮ್ಮೇ. ಮದುವೆಯಾದ ಹೊಸದರಲ್ಲಿ ಹೆಂಡತಿ, ತನ್ನ ಭುಜದ ಮೇಲೆ ಸದಾ ಬಡಿಯುತ್ತಿರುವ ಬೆರಳುಗಳನ್ನು ಪ್ರೀತಿ ಎಂದುಕೊಂಡು ಸಹಿಸಿಕೊಂಡಿದ್ದಳಂತೆ. ಹಿಟ್ಟಿನ ಡಬ್ಬದ ಮೇಲೂ ಅಷ್ಟೇ ಪ್ರೀತಿ ಹರಿಯುವುದನ್ನು ಕಂಡ ಮೇಲೆ ಕೈ ತಳ್ಳಲು ಶುರು ಮಾಡಿದಳು.

ಬದುಕಿನಲ್ಲಿ ಅವನು ನೆಮ್ಮದಿಯಾಗಿ ಕೂತದ್ದು ಎರಡೇ ಕಡೆ. ಒಂದು ಸಿಟಿ ಬಸ್ಸಿನ ಡ್ರೈವರ್ ಸೀಟು, ಇನ್ನೊಂದು ಡ್ರಮ್ಸ್ ಹಿಂದಿನ ಗುಂಡು ಸ್ಟೂಲು. ಎರಡೂ ಕಡೆ ಕೂತುಕೊಂಡೇ ಓಡಬಹುದಿತ್ತು, ಅದಕ್ಕೇ ಇರಬೇಕು.

ಮೊದಲನೆಯ ಸೀಟು ಹೋದ ವರ್ಷ ಕೈಬಿಟ್ಟಿತು. ಒಂದು ಬೆಳಿಗ್ಗೆ ಹಾಲು ತರಲು ಹೋದವನು ಬಲಗಾಲಿನ ಚಪ್ಪಲಿಯನ್ನು ದಾರಿಯಲ್ಲೆಲ್ಲೋ ಬಿಟ್ಟು ಮನೆಗೆ ಬಂದ. ಹೆಂಡತಿ ಕೇಳುವವರೆಗೂ ಅದು ಅವನ ಗಮನಕ್ಕೇ ಬಂದಿರಲಿಲ್ಲ. ಚಪ್ಪಲಿ ಕಳಚಿದ್ದು ಗೊತ್ತಾಗದ ಗಂಡ ಬ್ರೇಕು ಹೇಗೆ ಒತ್ತುತ್ತಾನೆ ಎಂದು ಅವಳಿಗೆ ಎದೆ ಧಸಕ್ಕೆಂದಿತು. ಅವನ ಕೂಗಾಟಕ್ಕೆಲ್ಲ ಸೊಪ್ಪು ಹಾಕದೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಮೇಲೆ ನೋಡುತ್ತಾ ಮಲಗಲು ಹೇಳಿ ವೈದ್ಯರು ಪಾದಕ್ಕೆ ಸೂಜಿ ತಾಗಿಸಿದರು. ಎಲ್ಲಿ ಚುಚ್ಚಿದೆ ಹೇಳಿ ಎಂದರು. ಚುಚ್ಚಿದ ಮೇಲೆ ಹೇಳ್ತೀನಿ ಎಂದು ಅವನು ಕಾದ. ಅವರು ಆಗಲೇ ಚುಚ್ಚಿ ಮುಗಿಸಿದ್ದರು.

ಸಕ್ಕರೆ ಕಾಯಿಲೆ ಯಾವಾಗ ಬಂತೋ, ಪಾದದ ಸ್ಪರ್ಶವನ್ನು ಯಾವಾಗ ತಿಂದು ಹಾಕಿತೋ. ಡಿಪೋದವರು ಸ್ಟಿಯರಿಂಗ್ ಬಿಡಿಸಿ, ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂರಿಸಿ ಕೈಗೆ ಮೈಕು ಕೊಟ್ಟರು. ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಕೂಗುವುದು ಕೆಲಸ. ಊರೆಲ್ಲ ಹೊರಡುವುದನ್ನು ನೋಡುತ್ತಾ ತಾನು ಮಾತ್ರ ಅಲ್ಲೇ ಕೂರಬೇಕು. ದಡಬಡನಂಥವನಿಗೆ ಇದಕ್ಕಿಂತ ಜೋರು ಶಿಕ್ಷೆಯನ್ನು ಕೋರ್ಟಿನವರೂ ಕೊಡುತ್ತಿರಲಿಲ್ಲ.

ಅಂಥ ದಿನಗಳಲ್ಲಿ ಅಕ್ಕನ ಫೋನು ಬಂತು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಅವನ ಆರ್ಕೆಸ್ಟ್ರಾದ ಗಾಯಕಿ, ಹಗಲು ಹೊತ್ತು ಶಾಲೆಯ ಟೀಚರು. ತಂಡದಲ್ಲಿದ್ದವರು ನಾಲ್ಕೇ ಜನ. ಕೀಬೋರ್ಡ್ ನುಡಿಸುವವನು ಔಷಧಿ ಅಂಗಡಿ ಇಟ್ಟಿದ್ದ, ಹಾಗಾಗಿ ಎಲ್ಲರ ಬಾಯಲ್ಲೂ ಡಾಕ್ಟ್ರು. ಬೇಸ್ ಗಿಟಾರಿನವನು ಟೈಲರ್, ಪ್ಯಾಂಟು ಹೊಲಿಯುವುದರಲ್ಲಿ ಎಷ್ಟು ಚುರುಕೋ ಮಾತಿನಲ್ಲಿ ಅಷ್ಟೇ ಜಿಪುಣ. ಒಂದು ಕಾಲದಲ್ಲಿ ಇವರಿಲ್ಲದೆ ಊರಿನಲ್ಲಿ ಯಾವ ಸಮಾರಂಭವೂ ಕಳೆಗಟ್ಟುತ್ತಿರಲಿಲ್ಲ. ಆಮೇಲೆ ಜನ ಪೆಟ್ಟಿಗೆಯಿಂದ ಹಾಡು ಬರಿಸುವುದನ್ನು ಕಲಿತರು. ಜಗಳವಾಗಲಿಲ್ಲ, ಮನಸ್ತಾಪವಿಲ್ಲ. ಕರೆಯುವವರಿಲ್ಲದೆ, ಒಬ್ಬರನ್ನೊಬ್ಬರು ನೋಡಲು ನೆಪವಿಲ್ಲದೆ, ತಂಡ ತಾನಾಗಿಯೇ ಕರಗಿಹೋಯಿತು. ಜಗಳವಾದರೂ ಆಗಿದ್ದರೆ ರಾಜಿಯಾಗಲಿಕ್ಕಾದರೂ ಸೇರುತ್ತಿದ್ದೆವಲ್ಲ ಎಂದು ದಡಬಡ ಗೊಣಗುತ್ತಿದ್ದ.

ಅಕ್ಕ ಈಗ ನಿವೃತ್ತಿಯಾಗುತ್ತಿದ್ದಳು. ಶಾಲೆಯವರು ಬೀಳ್ಕೊಡುಗೆ ಮಾಡುತ್ತಾರಂತೆ, ಭಾಷಣ ಕೇಳುತ್ತಾ ಕೂರುವುದು ತನ್ನಿಂದಾಗದು, ಅದರ ಬದಲು ಹಾಡಿಬಿಡುತ್ತೇನೆ, ಹಳಬರೇ ಬರಬೇಕು, ಬೇರೆಯವರು ಬಂದರೆ ಬಾಯಿ ಬಿಡುವುದಿಲ್ಲ ಎಂದಳು. ದಡಬಡ ಹೂಂ ಎಂದು ಫೋನಿಟ್ಟು, ಅಟ್ಟದಿಂದ ಡ್ರಮ್ಮುಗಳನ್ನು ಇಳಿಸಿ, ಧೂಳು ಕೊಡವಿ ಮುಗಿಸುವವರೆಗೂ ಅವನಿಗೆ ಬಲಗಾಲಿನ ನೆನಪೇ ಬರಲಿಲ್ಲ.

ನೆನಪಾದದ್ದು ಪೆಡಲ್ ಕಂಡಾಗ. ಡ್ರಮ್ಸ್ ಸೆಟ್ಟಿನಲ್ಲಿ ನೆಲದ ಮೇಲೆ ನಿಲ್ಲಿಸುವ ದೊಡ್ಡ ಡ್ರಮ್ಮನ್ನು ಬಾರಿಸುವುದು ಕೈಯಿಂದಲ್ಲ, ಬಲಗಾಲಿನಿಂದ. ಪೆಡಲ್ ತುಳಿದರೆ ಢಮ್. ಹಾಡಿನ ಎದೆಬಡಿತವೇ ಅದು. ಅವನು ತುಳಿದು ನೋಡಿದ. ಢಮ್ ಬಂತು. ಇನ್ನೊಮ್ಮೆ ತುಳಿದ, ಬಂತು. ಮೂರನೆಯ ಸಲ ಪಾದ ಪಕ್ಕಕ್ಕೆ ಜಾರಿ ನೆಲ ತುಳಿಯಿತು. ಅವನಿಗೆ ಎರಡೂ ಒಂದೇ ಥರ ಇತ್ತು.

ಈ ಕಾಲಿನ ವಿಷಯ ತಂಡದವರಿಗೆ ತಿಳಿದರೆ ಕಥೆ ಮುಗಿಯಿತು ಎಂದು ಅವನಿಗೆ ಅನಿಸಿತು. ಡಾಕ್ಟ್ರ ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಡ್ರಮ್ಮಿನ ಸದ್ದು ತಾನಾಗಿಯೇ ಬರುತ್ತದೆ. ತಪ್ಪದ, ಸುಸ್ತಾಗದ, ಸಕ್ಕರೆ ಕಾಯಿಲೆ ಬಾರದ ಡ್ರಮ್ಮು. ಬಸ್ಸಿನ ಸೀಟು ಹೋಯಿತು, ಈ ಸ್ಟೂಲೂ ಹೋದರೆ ತಾನು ಯಾರು? ಆ ಯೋಚನೆ ತಲೆಗೆ ಬಂದದ್ದೇ ಬಂದದ್ದು, ಮನೆಯಲ್ಲಿ ಒಂದು ಕಡೆ ನಿಲ್ಲಲಿಲ್ಲ. ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಿಲಿಗೆ ಓಡಾಡಿ ಹೆಂಡತಿಯ ತಲೆ ತಿಂದ.

"ಅವರಿಗೆ ಹೇಳಿಬಿಡ್ರೀ," ಎಂದಳು ಆಕೆ. "ನಿಮ್ಮ ಜೊತೆ ಅಷ್ಟು ವರ್ಷ ಬಾಳಿದವರು ಅವರು. ನನಗಿಂತ ಜಾಸ್ತಿ ನಿಮ್ಮ ಕಾಟ ತಿಂದಿದ್ದಾರೆ."

ಅವನು ಹೇಳಲಿಲ್ಲ. ಮಾತ್ರೆಯನ್ನು ಕೂಡ ಡಾಕ್ಟ್ರ ಅಂಗಡಿ ಬಿಟ್ಟು ಊರಿನ ಆಚೆ ತುದಿಗೆ ಹೋಗಿ ತರುತ್ತಿದ್ದವನು ಬಾಯಿ ಬಿಡುತ್ತಾನೆಯೇ?

ಅಭ್ಯಾಸ ನಡೆದದ್ದು ಟೈಲರ್ ಅಂಗಡಿಯಲ್ಲಿ, ಭಾನುವಾರ ಮಧ್ಯಾಹ್ನ. ಕತ್ತರಿಸುವ ಮೇಜನ್ನು ಗೋಡೆಗೆ ಸರಿಸಿ ಜಾಗ ಮಾಡಿದ್ದರು. ಸುತ್ತಲೂ ಬಟ್ಟೆಯ ಥಾನುಗಳಿದ್ದುದರಿಂದ ಸದ್ದು ಹೊರಗೆ ಹೋಗುತ್ತಿರಲಿಲ್ಲ. ನಾಲ್ವರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಡಾಕ್ಟ್ರ ತಲೆ ನುಣ್ಣಗಾಗಿತ್ತು. ಅಕ್ಕನ ದನಿ ಇಳಿದಿತ್ತು, ಪಾಠ ಮಾಡಿ ಮಾಡಿ ಸವೆದಿದೆ ಎಂದು ಅವಳೇ ಹೇಳಿಕೊಂಡಳು. ಡಾಕ್ಟ್ರು ಚಕಾರವೆತ್ತದೆ ಶ್ರುತಿಯನ್ನು ಎರಡು ಮನೆ ಕೆಳಗಿಳಿಸಿದ.

ದಡಬಡ ಕೋಲಿಗೆ ಕೋಲು ತಟ್ಟಿ ಎಣಿಸಿದ. ಹಾಡು ಎದ್ದಿತು. ಎಷ್ಟು ವರ್ಷದ ತುಕ್ಕು, ಆದರೂ ಎದ್ದಿತು. ಅಕ್ಕ ಸಾಲಿನ ಕೊನೆಗೆ ಸ್ವಲ್ಪ ಎಳೆಯುವುದು, ಡಾಕ್ಟ್ರು ಅವಸರದಿಂದ ಮುಂದೆ ಹಾರುವುದು, ಇಬ್ಬರ ನಡುವೆ ಟೈಲರ್ ಗೂಟ ಹೊಡೆದಂತೆ ನಿಲ್ಲುವುದು, ಒಂದೂ ಬದಲಾಗಿರಲಿಲ್ಲ. ಒಂದು ಕಾಲದಲ್ಲಿ ಅವನು ಬೈಯುತ್ತಿದ್ದ ತಪ್ಪುಗಳೇ ಇವೆಲ್ಲ. ಈಗ ಅವುಗಳ ಮೇಲೆ ಮುದ್ದು ಉಕ್ಕಿತು. ಈ ಮೂವರನ್ನು ಬಿಟ್ಟು ಇಷ್ಟು ದಿನ ಹೇಗಿದ್ದೆ ಎಂದು ತನ್ನನ್ನೇ ಬೈದುಕೊಂಡ. ಕಾಲು ಕೂಡ ಕೈಕೊಟ್ಟಿರಲಿಲ್ಲ. ಢಮ್ ಢಮ್ ಎಂದು ಗಟ್ಟಿಯಾಗಿ ಕೇಳುತ್ತಲೇ ಇತ್ತು. ಆಸ್ಪತ್ರೆಯವರ ಸೂಜಿಗೇನು ಗೊತ್ತು ಎಂದುಕೊಂಡ.

ಮೂರನೆಯ ಹಾಡಿನ ನಡುವೆ ಟೈಲರ್ ಕೆಮ್ಮು ಬಂದು ತಂತಿಯಿಂದ ಕೈ ತೆಗೆದ. ಢಮ್ ನಿಂತುಹೋಯಿತು.

ದಡಬಡ ತುಳಿಯುತ್ತಲೇ ಇದ್ದ. ಬಗ್ಗಿ ನೋಡಿದರೆ ಅವನ ಬಲಗಾಲು ಪೆಡಲಿನ ಪಕ್ಕದಲ್ಲಿ, ಬರಿಯ ನೆಲವನ್ನು ತಾಳ ತಪ್ಪದೆ ಒತ್ತುತ್ತಿತ್ತು. ಕೆಮ್ಮು ಮುಗಿಸಿ ಟೈಲರ್ ದಪ್ಪ ತಂತಿಯನ್ನು ಹೆಬ್ಬೆರಳಿನಿಂದ ಬಡಿದ. ಢಮ್ ಮತ್ತೆ ಶುರುವಾಯಿತು.

ಎಷ್ಟು ಹೊತ್ತಿನಿಂದ ಹೀಗೆ ನಡೆದಿತ್ತೋ ಅವನಿಗೆ ತಿಳಿಯಲಿಲ್ಲ. ಮುಂದೆ ನಿಂತ ಮೂರು ಬೆನ್ನುಗಳನ್ನು ನೋಡಿದ. ಅವರ ತಂಡದಲ್ಲೊಂದು ಕಟ್ಟಳೆ ಇತ್ತು: ನುಡಿಸುವಾಗ ಯಾರು ತಪ್ಪಿದರೂ ಅವರ ಕಡೆ ತಿರುಗಬಾರದು. ತಿರುಗಿದರೆ ಸಭೆಗೆಲ್ಲ ಗೊತ್ತಾಗುತ್ತದೆ, ತಪ್ಪಿದವರ ಮಾನ ಹೋಗುತ್ತದೆ. ತಪ್ಪಿಲ್ಲದಾಗ ಆಗೀಗ ತಿರುಗಿ ಅವನಿಗೆ ಕಣ್ಣು ಮಿಟುಕಿಸುತ್ತಿದ್ದ ಅಕ್ಕ ಇವತ್ತು ಒಮ್ಮೆಯೂ ತಿರುಗಿರಲಿಲ್ಲ. ಡಾಕ್ಟ್ರ ನುಣುಪು ತಲೆ ಕೂಡ ಅಳ್ಳಾಡಲಿಲ್ಲ. ಮೂವರಿಗೂ ಗೊತ್ತಾಗಿತ್ತು. ಗೊತ್ತಾಗಿಯೂ, ಕುರುಡರಿಗೆ ರಸ್ತೆ ದಾಟಿಸಿದಂತೆ ಅವನನ್ನು ದಾಟಿಸುತ್ತಿದ್ದರು.

ಹಾಡು ಮುಗಿದದ್ದೇ ತಡ, ಬೀಳ್ಕೊಡುಗೆಯ ದಿನ ತನಗೆ ಡ್ಯೂಟಿ ಬಿದ್ದಿದೆ, ಈಗ ನೆನಪಾಯಿತು, ಬರಲಿಕ್ಕಾಗುವುದಿಲ್ಲ ಎಂದ. ಕೋಲುಗಳನ್ನೂ ತೆಗೆದುಕೊಳ್ಳದೆ ಹೊರಟುಬಿಟ್ಟ. ಯಾರೂ ತಡೆಯಲಿಲ್ಲ. ತಡೆಯಲಿಲ್ಲವಲ್ಲ ಎಂದು ಮನೆಯವರೆಗೂ ಹೊಟ್ಟೆ ಉರಿದುಕೊಂಡು ಹೋದ. ತಡೆದಿದ್ದರೆ ತಡೆದರೆಂದು ಉರಿಯುತ್ತಿದ್ದ, ಆ ಮಾತು ಬೇರೆ.

ಮಾರನೆಯ ದಿನ ಗಾಜಿನ ಗೂಡಿನಲ್ಲಿ ಮುಳ್ಳಿನ ಮೇಲೆ ಕೂತಂತೆ ಕೂತಿದ್ದ. ಆಸ್ಪತ್ರೆಗೆ ಹೋಗುವ ಬಸ್ಸನ್ನು ಮಾರುಕಟ್ಟೆಗೆ ಎಂದು ಕೂಗಿದ. ಜನ ಹತ್ತಿ, ಇಳಿದು, ಗೂಡಿನ ಗಾಜು ಬಡಿದು ಬೈದು ಹೋದರು. ಅವರ ಹಿಂದೆಯೇ ಟೈಲರ್ ಬಂದ, ಕಂಕುಳಲ್ಲಿ ಕಾಗದದ ಪೊಟ್ಟಣ. ಒಳಗೆ ಬಂದವನು ಯೋಗಕ್ಷೇಮ ಕೂಡ ವಿಚಾರಿಸದೆ ನೆಲದ ಮೇಲೆ ಕೂತು, ದಡಬಡನ ಬಲಗಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಪೊಟ್ಟಣದಲ್ಲಿ ದಪ್ಪ ಕ್ಯಾನ್ವಾಸಿನಲ್ಲಿ ಹೊಲಿದ ಒಂದು ಪಟ್ಟಿ ಇತ್ತು. ಒಳಗೆ ಮೆತ್ತನೆಯ ಅಸ್ತರಿ, ಎರಡು ಬಕ್ಕಲ್ಲು. ಪಾದವನ್ನು ಪೆಡಲಿಗೆ ಸೇರಿಸಿ ಬಿಗಿದರೆ ಎತ್ತ ಎಳೆದರೂ ಜಾರುವುದಿಲ್ಲ ಎಂದು ಎರಡೇ ಮಾತಿನಲ್ಲಿ ವಿವರಿಸಿದ.

"ನಿನಗೆ ಯಾರು ಹೇಳಿದ್ದು?" ಎಂದ ದಡಬಡ.

ಡಾಕ್ಟ್ರು ಹೇಳಿದ್ದ. ಊರಿನ ಆಚೆ ತುದಿಯ ಆ ಔಷಧಿ ಅಂಗಡಿ ಅವನ ಭಾವಮೈದುನನದು. ದಡಬಡ ಮೊದಲ ಸಲ ಮಾತ್ರೆ ಕೊಂಡ ದಿನವೇ ಸುದ್ದಿ ಮುಟ್ಟಿತ್ತು. ಹಾಗಾದರೆ ಫೋನು ಮಾಡಿ ಕರೆದಾಗಲೇ ಅಕ್ಕನಿಗೂ ಗೊತ್ತಿತ್ತು. ಗೊತ್ತಿದ್ದೇ ಕರೆದಿದ್ದಳು. ಇಷ್ಟು ದಿನ ತಾನು ಊರು ಸುತ್ತಿ ಮುಚ್ಚಿಟ್ಟದ್ದನ್ನು ನೆನೆದು ಅವನಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು.

"ಕಟ್ಟಿದರೆ ಜಾರಲ್ಲ, ಸರಿ. ಆದರೆ ತುಳಿದದ್ದು ನನಗೆ ಗೊತ್ತಾಗಬೇಕಲ್ಲ. ನಿನ್ನ ತಂತಿ ಕೇಳಿಸ್ಕೊಂಡು ನಾನು ಹಿಂದೆ ಹಿಂದೆ ಬರಬೇಕಾ? ಡ್ರಮ್ಮರ್ ಆಗಿ?"

ಟೈಲರ್ ಬಕ್ಕಲ್ಲು ಸರಿಮಾಡುತ್ತಾ ತಲೆ ಎತ್ತದೆ ಹೇಳಿದ, "ಬಾ. ಇಷ್ಟು ವರ್ಷ ನಾವು ನಿನ್ನ ಹಿಂದೆ ಬರಲಿಲ್ವಾ? ನಮಗೇನು ಸವೆದುಹೋಯ್ತಾ?"

ಟೈಲರ್ ಬಾಯಲ್ಲಿ ಅಷ್ಟು ಉದ್ದದ ಮಾತನ್ನು ದಡಬಡ ಅದುವರೆಗೆ ಕೇಳಿರಲಿಲ್ಲ. ಹೊರಗೆ ನಾಲ್ಕಾರು ಬಸ್ಸುಗಳು ಕೂಗುವವರಿಲ್ಲದೆ ತಾವಾಗಿಯೇ ಹೊರಟವು.

ಬೀಳ್ಕೊಡುಗೆಯ ಸಂಜೆ ಶಾಲೆಯ ಸಭಾಂಗಣ ತುಂಬಿತ್ತು. ಅಕ್ಕನ ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಡಿಪೋದ ಗೆಳೆಯರು ಹಿಂದಿನ ಸಾಲಿನಲ್ಲಿ ಕೂತಿದ್ದರು, ಹೆಂಡತಿ ಮುಂದಿನ ಸಾಲಿನಲ್ಲಿ. ದಡಬಡ ಎಲ್ಲರಿಗಿಂತ ಮೊದಲೇ ವೇದಿಕೆ ಹತ್ತಿ, ಪರದೆ ತೆರೆಯುವ ಮುಂಚೆಯೇ ಪಟ್ಟಿ ಬಿಗಿದುಕೊಂಡು, ಪ್ಯಾಂಟಿನ ಕಾಲನ್ನು ಅದರ ಮೇಲೆ ಇಳಿಬಿಟ್ಟು ಕೂತಿದ್ದ. ಪಟ್ಟಿಯ ವಿಷಯ ತಂಡದವರಿಗೆ ಗೊತ್ತಾದದ್ದು ಸಾಕು, ಊರಿಗೆ ಗೊತ್ತಾಗುವುದು ಬೇಡವೆಂದು.

ಹಿಂದೆ ಬರುವುದು ಅವನು ಎಣಿಸಿದ್ದಕ್ಕಿಂತ ಕಷ್ಟದ ಕೆಲಸವಾಗಿತ್ತು. ಕೈಗಳು ಹಳೆಯ ಚಾಳಿಯಂತೆ ಮುಂದೆ ಓಡುತ್ತಿದ್ದವು, ಎಳೆದು ನಿಲ್ಲಿಸಬೇಕಿತ್ತು. ಕಾಲು ಎರಡು ಸಲ ತಡವಾಯಿತು, ಎರಡು ಸಲವೂ ಟೈಲರಿನ ತಂತಿ ಆ ಜಾಗವನ್ನು ತುಂಬಿತು. ಈ ಸಲ ಅವನಿಗೆ ಸಿಟ್ಟು ಬರಲಿಲ್ಲ. ಕಿವಿಗೊಟ್ಟು ಕೂತಾಗ ಮೊದಲ ಬಾರಿಗೆ ಟೈಲರ್ ನುಡಿಸುವುದು ಪೂರ್ತಿ ಕೇಳಿಸಿತು. ಇಷ್ಟು ಚೆನ್ನಾಗಿ ನುಡಿಸುವವನನ್ನು ಬೆನ್ನ ಹಿಂದೆಯೇ ಕೂತು ಇಷ್ಟು ವರ್ಷ ಕೇಳದೆ ಹೋದೆನಲ್ಲ ಎಂದು ಸಂಕಟವಾಯಿತು.

ಕೊನೆಯ ಹಾಡಿನಲ್ಲಿ ಅಕ್ಕನಿಗೆ ಸಾಲು ಮರೆಯಿತು. ಮರೆಯಿತೋ, ಅಳು ಬಂತೋ. ಅವಳ ಬೆನ್ನು ಮಾತ್ರ ಅವನಿಗೆ ಕಾಣುತ್ತಿತ್ತು, ಅದು ನಡುಗುತ್ತಿತ್ತು. ದಡಬಡ ಕೋಲುಗಳ ಬಿರುಸು ಇಳಿಸಿದ. ಅದೇ ಆವರ್ತವನ್ನು ಇನ್ನೊಂದು ಸುತ್ತು, ಮತ್ತೊಂದು ಸುತ್ತು ಸುತ್ತಿಸಿದ. ಡಾಕ್ಟ್ರು ಅವಸರ ಮಾಡಲಿಲ್ಲ. ಟೈಲರ್ ಅವನ ಜೊತೆಯಲ್ಲೇ ಬಂದ. ಬೇಕಾದಷ್ಟು ಹೊತ್ತು ತಗೊಳ್ಳಿ ಅಕ್ಕ, ಬೆಳಗಾದರೂ ಸರಿ ಎಂದು ಮನಸ್ಸಿನಲ್ಲೇ ಹೇಳಿಕೊಂಡ. ಅವಳು ಮೂಗು ಒರೆಸಿಕೊಂಡು ಸಾಲು ಹಿಡಿದಳು. ಸಭೆಯವರು ಅದನ್ನು ಹಾಡಿನದೇ ಒಂದು ಸೊಗಸು ಎಂದುಕೊಂಡು ಚಪ್ಪಾಳೆ ತಟ್ಟಿದರು.

ಹಾಡು ಮುಗಿದು ಎಲ್ಲರೂ ಎದ್ದು ನಿಂತರು. ಅಕ್ಕ ಹಿಂದಕ್ಕೆ ತಿರುಗಿ, ಬಾರೋ ಎಂದು ಕೈಬೀಸಿ ಕರೆದಳು. ಕರೆದರೆ ಕೂರುವ ಆಸಾಮಿಯೇ ಅವನು? ಮೈಮರೆತು ಧಡಕ್ಕನೆ ಎದ್ದು ಹೆಜ್ಜೆ ಹಾಕಿದ. ಪೆಡಲ್ ಎಳೆದು ಬಂತು, ಪೆಡಲಿನ ಹಿಂದೆ ದೊಡ್ಡ ಡ್ರಮ್ಮು ಬಂತು, ಬಾರಿಸುವ ಕಂಚಿನ ತಟ್ಟೆಗಳ ಸ್ಟ್ಯಾಂಡು ಝಲ್ಲೆಂದು ಮಗುಚಿತು. ಸಭೆ ಮೊದಲು ಹೌಹಾರಿ, ಆಮೇಲೆ ಗೊಳ್ಳೆಂದು ನಕ್ಕಿತು. ಆಮೇಲೆ ಅವನ ಪ್ಯಾಂಟಿನ ಕಾಲು ಮೇಲೆ ಸರಿದು ಪಟ್ಟಿ ಕಂಡಿತು. ಪೆಡಲಿಗೆ ಬಿಗಿದ ಪಾದ ಕಂಡಿತು. ನಗು ಒಂದೊಂದೇ ಸಾಲಿನಲ್ಲಿ ನಿಂತುಹೋಯಿತು. ಹಿಂದಿನ ಸಾಲಿನಲ್ಲಿ ಡಿಪೋದವರು ಕತ್ತು ಚಾಚಿ ನೋಡಿದರು.

ದಡಬಡನಿಗೆ ಓಡಿಹೋಗಬೇಕೆನಿಸಿತು. ಓಡೋಣವೆಂದರೆ ಕಾಲು ಪೆಡಲಿಗೆ ಬಿಗಿದಿತ್ತು.

ಟೈಲರ್ ಗಿಟಾರನ್ನು ಡಾಕ್ಟ್ರ ಕೈಗಿತ್ತು, ಅಷ್ಟು ಜನರ ಮುಂದೆ ಮಂಡಿಯೂರಿ ಕೂತ. ಅಂಗಡಿಯಲ್ಲಿ ಗಿರಾಕಿಯ ಅಳತೆ ತೆಗೆಯುವಾಗಿನಷ್ಟೇ ಸಾವಧಾನವಾಗಿ ಮೊದಲ ಬಕ್ಕಲ್ಲಿಗೆ ಕೈ ಹಾಕಿದ.

"ಅಲ್ಲಾಡಬೇಡ," ಎಂದ.

ದಡಬಡ ಅವನ ತಲೆಯ ಮೇಲೆ ಕೈಯೂರಿ, ಇಡೀ ಸಭೆಗೆ ಮುಖ ಕೊಟ್ಟು, ಅಲ್ಲಾಡದೆ ನಿಂತ.