ಒಗೆಯುವ ಕಲ್ಲಿಗೆ ಆಯುಧಪೂಜೆ

ಗೆಳೆಯರೇ, ಇವತ್ತು ಕೊರಟಗೆರೆಯ ನಮ್ಮ ಹೊಳೆಬೀದಿಯಲ್ಲಿ ಬಟ್ಟೆ ಒಗೆಯುವ ಕಲ್ಲಿಗೂ ಆಯುಧಪೂಜೆ ಆಯಿತು.

ಬೆಳಿಗ್ಗೆ ಸುವರ್ಣಮುಖಿಯಲ್ಲಿ ಸ್ನಾನ ಮುಗಿಸಿ, ಸಂಜೆ ಅಮಲ್ದಾರರ ಮನೆಯ ಪೂಜೆಗೂ ಆಗಲೆಂದು ಇದ್ದೊಂದು ಒಳ್ಳೆಯ ಬಿಳಿ ಪಂಚೆ ಉಟ್ಟು ದಡ ಹತ್ತಿದರೆ, ಅಲ್ಲಿ ಜಗಳ. ಮಡಿವಾಳರ ಗಂಗಮ್ಮ ತನ್ನ ಒಗೆಯುವ ಕಲ್ಲಿಗೆ ಅರಿಶಿನ ಕುಂಕುಮ ಬಳಿದು ಚೆಂಡುಹೂ ಇಟ್ಟಿದ್ದಳು. ಕಿರಾಣಿ ಅಂಗಡಿಯ ನಂಜಮ್ಮನವರು ಬಟ್ಟೆಗಂಟು ಹಿಡಿದು ಅದರ ಮುಂದೆ ನಿಂತಿದ್ದರು.

"ಹೊಳೆ ಕಲ್ಲೇನು ನಿಮ್ಮಪ್ಪಂದಾ? ಹೂ ತೆಗಿ!" ಎಂದರು ನಂಜಮ್ಮ.

"ಅದು ನನ್ ಆಯುದ ಕಣವ್ವ. ಪೂಜೆಗಿಟ್ಟಿರೋ ನಿಮ್ ತಕ್ಕಡೀಲಿ ಇವತ್ತು ಬೆಲ್ಲ ತೂಗ್ತೀರಾ? ಇದ್ರ ಮ್ಯಾಲೆ ಬಟ್ಟೆ ಹೆಂಗೆ ಬಡೀತೀರಾ?"

ಇಬ್ಬರೂ ನನ್ನತ್ತ ತಿರುಗಿ, "ನೀವೇ ಹೇಳಿ ಮೇಷ್ಟ್ರೇ" ಎಂದರು. ನಾನು ಪಕ್ಕದ ಕಲ್ಲಿನ ಮೇಲೆ ಗಂಭೀರವಾಗಿ ಕುಳಿತು, "ಪೂಜೆಗಿಟ್ಟ ಆಯುಧವನ್ನು ನಾಳೆಯವರೆಗೆ ಯಾರೂ ಮುಟ್ಟುವಂತಿಲ್ಲ" ಎಂದು ತೀರ್ಪು ಕೊಟ್ಟೆ.

ನಂಜಮ್ಮ ಗೊಣಗುತ್ತಾ ಹೋದರು. ನಾನೂ ಎದ್ದೆ. ಗಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಕುಳಿತದ್ದು ಅವಳ ಗಂಡನ ಕಲ್ಲು. ಹೂ ಸಾಲದೆ ಅದಕ್ಕೆ ಬರೀ ಕುಂಕುಮ ಬಳಿದಿದ್ದಳಂತೆ. ಈಗ ಅದೆಲ್ಲ ನನ್ನ ಪಂಚೆಯ ಹಿಂಭಾಗದಲ್ಲಿತ್ತು.

"ಬೇಗ ಒಗೆದುಕೊಡು ಗಂಗಮ್ಮ" ಎಂದು ಅಂಗಲಾಚಿದೆ.

"ನಾಳೀಗಂಟ ಕಲ್ಲು ಮುಟ್ಟಂಗಿಲ್ಲ ಸ್ವಾಮಿ. ನೀವೇ ಹೇಳ್ಬುಟ್ರಲ್ಲ!"

ಸಂಜೆ ಅಮಲ್ದಾರರ ಮನೆಯಲ್ಲಿ ಗೋಡೆಗೆ ಬೆನ್ನು ಹಚ್ಚಿಯೇ ನಿಂತಿದ್ದೆ. ಎಷ್ಟು ಕರೆದರೂ ಬಿಳಿ ಹಾಸಿನ ಮೇಲೆ ಕೂರದ ನನ್ನ ವಿನಯವನ್ನು ಅವರು ಎಲ್ಲರೆದುರು ಹೊಗಳಿದರು.