ನಲವತ್ಮೂರನೆಯ ಗುಂಡಿ

ಮೂವತ್ತೊಂದು ವರ್ಷ ಆಂಬ್ಯುಲೆನ್ಸ್ ಓಡಿಸಿದ ಮನುಷ್ಯನಿಗೆ ಜನ ಇಟ್ಟಿದ್ದ ಹೆಸರು ನಿಧಾನಣ್ಣ. ಹೊಸಬರಿಗೆ ಅದು ಕುಹಕದಂತೆ ಕೇಳುತ್ತಿತ್ತು. ಅವನ ಗಾಡಿ ಹತ್ತಿದವರಿಗೆ ಮಾತ್ರ ಗುಟ್ಟು ಗೊತ್ತು. ಬೇರೆಯವರಿಗಿಂತ ಒಂದು ನಿಮಿಷವೂ ತಡವಾಗಿ ಅವನು ಆಸ್ಪತ್ರೆ ಮುಟ್ಟಿದ್ದಿಲ್ಲ. ಆದರೆ ಒಳಗೆ ಮಲಗಿದವರಿಗೆ ಕೆಳಗೆ ರಸ್ತೆ ಇದೆಯೆಂದೇ ಅನ್ನಿಸುತ್ತಿರಲಿಲ್ಲ. ಯಾವ ತಿರುವಿನಲ್ಲಿ ಡಾಂಬರು ಕುಸಿದಿದೆ, ಯಾವ ಉಬ್ಬಿಗೆ ಎಷ್ಟು ದೂರದಿಂದಲೇ ಕಾಲು ಸಡಿಲಿಸಬೇಕು ಎಂಬುದೆಲ್ಲ ಅವನ ಪಾದಕ್ಕೆ ಬಾಯಿಪಾಠ. ಹೊಟ್ಟೆ ಕೊಯ್ಸಿಕೊಂಡು ಮನೆಗೆ ಹೊರಟಿದ್ದ ಮುದುಕಿಯೊಬ್ಬಳು ಬಾಗಿಲಲ್ಲಿ ಇಳಿಸುವಾಗ, ಈಗ ತಾನೇ ನಿದ್ದೆ ಹತ್ತಿತ್ತು, ಇನ್ನೊಂದು ಸುತ್ತು ಹಾಕಬಾರದಿತ್ತೇ ಎಂದು ಗೊಣಗಿದ್ದಳಂತೆ.

ಚಾಲಕನ ಸೀಟಿನ ಬೆನ್ನಿಗೆ ಅಂಗೈಯಗಲದ ಒಂದು ಕಿಟಕಿ ಇರುತ್ತದೆ, ಜಾರಿಸಿ ಮುಚ್ಚುವ ಗಾಜಿನದು. ಉಳಿದ ಚಾಲಕರು ಅದನ್ನು ಮುಚ್ಚಿಬಿಡುತ್ತಿದ್ದರು. ಹಿಂದಿನ ನರಳಾಟ ಕಿವಿಗೆ ಬಿದ್ದರೆ ಕೈ ನಡುಗುತ್ತದೆ ಎನ್ನುವುದು ಅವರ ಮಾತು, ಅದೂ ಸುಳ್ಳಲ್ಲ. ನಿಧಾನಣ್ಣ ಮಾತ್ರ ತೆರೆದೇ ಇಡುತ್ತಿದ್ದ. ಯಾರಾದರೂ ಕರೆದರೆ ಓಗೊಡುವುದಕ್ಕೆ ಒಬ್ಬರಾದರೂ ಬೇಡವೇ ಎಂದು. ಹಾಗೆ ಮೂವತ್ತೊಂದು ವರ್ಷ, ಹಿಂದಿನಿಂದ ಬಂದ ಮಾತುಗಳು ಅವನ ಕುತ್ತಿಗೆಯ ಮೇಲೆ ಉಸಿರಿನ ಹಾಗೆ ಬಿದ್ದು, ಆರದೆ ಅಲ್ಲೇ ಉಳಿದವು.

ಅವನ ಮನೆ ಬಟ್ಟೆ ಒಗೆದು ಕೊಡುವ ಅಂಗಡಿಯೊಂದರ ಮಹಡಿಯ ಮೇಲೆ, ಎರಡು ಕೋಣೆಯದು. ಕೆಳಗಿನ ಹಬೆ ನೆಲದ ಸಂದಿನಿಂದ ಮೇಲೇರಿ, ಇಡೀ ಮನೆ ಸದಾ ಬೆಚ್ಚಗಿನ ಗಂಜಿಬಟ್ಟೆಯ ವಾಸನೆಯಲ್ಲಿ ತೇಲುತ್ತಿರುತ್ತಿತ್ತು. ಹೆಂಡತಿ ಕಿಟಕಿಯ ಬಳಿ ಕೂತು ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಬೀದಿಗೆಲ್ಲ ಅವಳು ಹೊಲಿಗೆಯಕ್ಕ. ಅವನು ನಿವೃತ್ತನಾಗುವುದಕ್ಕೆ ಮೂರು ವರ್ಷ ಮೊದಲು, ಒಂದು ಬೆಳಗ್ಗೆ, ಅವಳು ಮಿಷನ್ನಿನ ಮೇಲೆಯೇ ತಲೆಯಿಟ್ಟು ಕುಸಿದಳು. ಆ ಹೊತ್ತಿನಲ್ಲಿ ನಿಧಾನಣ್ಣ ಹೆರಿಗೆ ನೋವಿನ ಹೆಂಗಸೊಬ್ಬಳನ್ನು ಕೂರಿಸಿಕೊಂಡು ಹೊಳೆಯಾಚೆಯ ಹೆರಿಗೆ ಆಸ್ಪತ್ರೆಗೆ ಹೊರಟಿದ್ದ. ಪಕ್ಕದ ಮನೆಯವರು ಫೋನ್ ಮಾಡಿದಾಗ ಇವನ ಆಂಬ್ಯುಲೆನ್ಸ್ ಶೆಡ್ಡಿನಿಂದಲೇ ಬಂದ ಇನ್ನೊಂದು ಗಾಡಿಯನ್ನು ಓಡಿಸಿದವನು ಹಾರ್ನ್ ತಮ್ಮ. ಅವನು ಸೈರನ್ ಸಾಲದೆಂದು ಹಾರ್ನನ್ನೂ ಒತ್ತುತ್ತ ಹೋಗುವವನು. ಅದಕ್ಕೇ ಆ ಹೆಸರು. ಅವಳನ್ನು ತಂದ ಹೊಳೆಯೀಚೆಯ ಆಸ್ಪತ್ರೆಯಲ್ಲೇ ಮಗಳು ರಕ್ತಪರೀಕ್ಷೆಯ ಕೆಲಸದಲ್ಲಿದ್ದಳು. ಮಗಳು ಅಲ್ಲಿನ ಮಹಡಿಯಿಂದ ಓಡಿ ಇಳಿಯುವಷ್ಟರಲ್ಲಿ ಅಮ್ಮನಿಗೆ ಪ್ರಜ್ಞೆ ಇರಲಿಲ್ಲ. ನಿಧಾನಣ್ಣ ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ದಾರಿಯಲ್ಲಿ ಅವಳು ಏನಾದರೂ ಹೇಳಿದಳೇ ಎಂದು ಅವನು ಹಾರ್ನ್ ತಮ್ಮನನ್ನು ಕೇಳಲಿಲ್ಲ. ಹಾರ್ನ್ ತಮ್ಮನೂ ಬಾಯಿ ಬಿಡಲಿಲ್ಲ. ಆಮೇಲೆ ಮೂರು ವರ್ಷ ಒಂದೇ ಶೆಡ್ಡಿನಲ್ಲಿ, ಒಂದೇ ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡು, ತಂತಮ್ಮ ಲೋಟದೊಳಗೇ ನೋಡುತ್ತ ಕುಡಿದರು.

ನಿವೃತ್ತಿಯಾಗಿ ಮೂರನೆಯ ವರ್ಷದಲ್ಲಿ ಪಾರ್ಕಿನ ಮಾತು ಬಂತು. ಬೀದಿಯ ಕೊನೆಗೆ ಒಂದು ಹಳೆಯ ಲಾರಿ ಶೆಡ್ಡು ಹಾಳು ಬಿದ್ದಿತ್ತು. ಸತ್ತ ಲಾರಿಗಳು ಟೈರಿಲ್ಲದೆ ಕೂತು ತುಕ್ಕು ಹಿಡಿಯುತ್ತಿದ್ದವು. ನಿವಾಸಿಗಳ ಸಂಘದ ಅಧ್ಯಕ್ಷೆ ಡ್ರಾಯಿಂಗ್ ಮೇಡಂ, ಶಾಲೆಯಲ್ಲಿ ಚಿತ್ರ ಕಲಿಸಿ ನಿವೃತ್ತರಾದವರು, ಕಚೇರಿಯಿಂದ ಕಚೇರಿಗೆ ಅಲೆದು, ಕಾಡಿ ಬೇಡಿ, ಆ ಜಾಗವನ್ನು ಪಾರ್ಕಿಗೆಂದು ಬಿಡಿಸಿಕೊಂಡರು. ಯಾರು ಬೇಕಾದರೂ ತಮ್ಮಲ್ಲಿ ತೀರಿಹೋದವರ ನೆನಪಿಗೆ ಒಂದು ಗಿಡ ನೆಡಬಹುದು. ಬುಡದಲ್ಲಿ ಹೆಸರಿನ ತಗಡು. ತಗಡುಗಳನ್ನು ಅವರೇ ಕೂತು ಬರೆಯುವರು. ನಲವತ್ತೆರಡು ಹೆಸರು ಬಂದವು. ನಿಧಾನಣ್ಣ ಮಾತ್ರ ಯಾವ ಹೆಸರೂ ಕೊಡಲಿಲ್ಲ.

ಗಿಡಕ್ಕೆ ನೀರಿನ ಟ್ಯಾಂಕರ್ ಬೇಕು, ಟ್ಯಾಂಕರ್ ಬರಬೇಕಾದ ಓಣಿಯೋ ಎರಡು ಕಡೆಯೂ ಒಂದೊಂದು ಗೇಣು ಬಿಟ್ಟರೆ ಗೋಡೆ. ಬಂದ ಚಾಲಕ ಮೂರು ಸಲ ಪ್ರಯತ್ನಿಸಿ ಕೈ ಚೆಲ್ಲಿದ. ನೋಡುತ್ತ ನಿಂತಿದ್ದ ನಿಧಾನಣ್ಣ ಚಪ್ಪಲಿ ಬಿಟ್ಟು ಹತ್ತಿ, ಒಂದೇ ಸಲಕ್ಕೆ ಹಿಮ್ಮುಖವಾಗಿ ಒಳಗೆ ತಂದು ನಿಲ್ಲಿಸಿದ. ಅಂದಿನಿಂದ ನೀರಿನ ಕೆಲಸ ಅವನ ತಲೆಗೆ ಬಂತು. ಗುಂಡಿಗಳ ಪಕ್ಕ ನಂಬರಿನ ಗೂಟ ಹೊಡೆಯಬೇಕೆಂದು ಮೇಡಂ ಪಟ್ಟಿಯನ್ನೂ ಅವನ ಕೈಗಿತ್ತರು.

ಪಟ್ಟಿ ಓದುತ್ತ ಅವನು ಅಲ್ಲೇ ಮಣ್ಣಿನ ದಿಬ್ಬದ ಮೇಲೆ ಕುಳಿತುಬಿಟ್ಟ. ನಲವತ್ತೆರಡರಲ್ಲಿ ಹತ್ತೊಂಬತ್ತು ಮಂದಿ ಅವನ ಗಾಡಿಯಲ್ಲಿ ಹೋದವರು.

ಆ ವಾರವೆಲ್ಲ ಅವನು ಬೆಳಗಿನ ಮಂಜಿನಲ್ಲೇ ಅಲ್ಲಿಗೆ ಬರುತ್ತಿದ್ದ. ಅಗೆದ ಮಣ್ಣು ಉಸಿರಾಡುತ್ತಿರುವಂತೆ ಹಬೆ ಬಿಡುತ್ತಿತ್ತು. ಗೂಟ ಹೊಡೆಯುತ್ತ ಒಂದೊಂದೇ ಗುಂಡಿಯ ಮುಂದೆ ನಿಂತರೆ ಒಂದೊಂದೇ ದನಿ ಕುತ್ತಿಗೆಯ ಹಿಂದಿನಿಂದ ಏಳುತ್ತಿತ್ತು. ಏಳನೆಯ ಗುಂಡಿಯ ಹೆಡ್ಮಾಸ್ತರರು ದಾರಿಯುದ್ದ ಹದಿನೇಳರ ಮಗ್ಗಿ ಹೇಳಿ, ಹದಿನೇಳೇಳ್ಲಿ ಎಂದಲ್ಲಿ ನಿಂತುಬಿಟ್ಟಿದ್ದರು. ಸ್ಟಿಯರಿಂಗ್ ಹಿಡಿದ ನಿಧಾನಣ್ಣನಿಗೂ ಉತ್ತರ ಬಂದಿರಲಿಲ್ಲ. ಹದಿನೈದನೆಯ ಗುಂಡಿಯ ಪುಟ್ಟ ಹುಡುಗಿ, ಗಾಡಿಯ ಮೇಲೆ ತಿರುಗುವ ದೀಪ ಒಳಗಿದ್ದವರಿಗೆ ಯಾಕೆ ಕಾಣಿಸುವುದಿಲ್ಲ ಎಂದು ಕೇಳಿದ್ದಳು. ಮಂಜು ಕರಗಿ ಬಿಸಿಲು ಬೀಳುವವರೆಗೆ ಅವನಿಗೆ ತಾನು ನಿಂತಿರುವುದು ಪಾರ್ಕಿನಲ್ಲೋ ರಸ್ತೆಯ ಮೇಲೋ ತಿಳಿಯುತ್ತಿರಲಿಲ್ಲ. ಇಡೀ ಮೈದಾನವೇ ಮೆಲ್ಲಗೆ, ಒಂದು ಕುಲುಕೂ ಇಲ್ಲದೆ, ಎಲ್ಲಿಗೋ ಸಾಗುತ್ತಿರುವಂತೆ ಕಾಣುತ್ತಿತ್ತು.

ಒಂದು ದಿನ ಇಸ್ತ್ರಿ ಅಂಗಡಿಯಾಕೆ ಗಂಡನ ಗುಂಡಿ ನೋಡಲು ಬಂದಳು. ಆಳ ಸಾಕೇ, ಬಿಸಿಲು ಬೀಳುತ್ತದೆಯೇ ಎಂದೆಲ್ಲ ವಿಚಾರಿಸಿ, ಹೋಗುವವಳು ತಿರುಗಿ ನಿಂತಳು.

"ಅಣ್ಣಾ, ಅವರನ್ನ ಕರ್ಕೊಂಡು ಹೋಗಿದ್ದು ನೀವೇ ಅಲ್ವಾ? ಏನಾದ್ರೂ ಅಂದ್ರಾ?"

ನಿಧಾನಣ್ಣ ಗೂಟವನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. ಇಂಥ ಮಾತು ಯಾರಿಗೂ ಹೇಳಿದವನಲ್ಲ.

"ಅಂದ್ರಮ್ಮಾ. ಒಲೆ ಮೇಲೆ ಹಾಲಿದೆ, ಅವಳು ಬರೋಷ್ಟರಲ್ಲಿ ಯಾರಾದ್ರೂ ಆರಿಸಿ ಅಂತ. ಮೂರು ಸಲ ಅಂದ್ರು."

ಆಕೆ ಮೊದಲು ನಕ್ಕಳು. ಆಮೇಲೆ ಸೆರಗು ಬಾಯಿಗೆ ಹೋಯಿತು. ಆ ದಿನ ಅಂಗಡಿಯಿಂದ ಮನೆಗೆ ಹೋದಾಗ ಹಾಲು ಸೀದು ಪಾತ್ರೆ ಕರಕಲಾಗಿತ್ತಂತೆ. ಇದ್ದಾಗಲೂ ಇಲ್ಲದಾಗಲೂ ಈ ಮನುಷ್ಯನಿಗೆ ಮನೆಯ ಮೇಲೆ ನಿಗಾ ಇಲ್ಲ ಎಂದು ಆ ಪಾತ್ರೆ ಉಜ್ಜುವಾಗ ಬೈದುಕೊಂಡಿದ್ದಳಂತೆ. ಅದೊಂದು ಮಾತು ನಾಲ್ಕು ವರ್ಷ ಎದೆಯಲ್ಲಿ ಚುಚ್ಚುತ್ತಿತ್ತು. ಈಗ ಮುಖ ಒರೆಸಿಕೊಂಡು, ಅಲ್ಲೇ ಬಗ್ಗಿ, ಗುಂಡಿಯಲ್ಲಿದ್ದ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ಹೊರಗೆ ಹಾಕಿ ಹೋದಳು.

ಸುದ್ದಿಗೆ ಕಾಲು ಬಂತು. ದಿನಕ್ಕೆ ಒಬ್ಬರೋ ಇಬ್ಬರೋ ಬಂದು, ಗಿಡದ ನೆಪದಲ್ಲಿ ಸುತ್ತಾಡಿ, ಕೊನೆಗೆ ಅದೇ ಪ್ರಶ್ನೆ ಕೇಳುತ್ತಿದ್ದರು. ಬಾಗಿಲಿಗೆ ಚಿಲಕ ಹಾಕಿದರಾ, ಕೊಡೆ ಬಸ್ಸಿನಲ್ಲೇ ಉಳಿಯಿತು, ನನ್ನ ಕನ್ನಡಕ ಎಲ್ಲಿ... ಕೊನೆಯ ಮಾತುಗಳು ಇಷ್ಟು ಸಣ್ಣವೆಂದು ಯಾರೂ ಎಣಿಸಿರಲಿಲ್ಲ. ಆದರೂ ಕೇಳಿದವರು ಅವನ್ನು ಬಿಸಿ ಲೋಟ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದರು.

ಎಲ್ಲವೂ ಹಾಗೆ ಹೇಳುವಂಥದ್ದಾಗಿರಲಿಲ್ಲ. ಗುಮಾಸ್ತರೊಬ್ಬರ ಹೆಂಡತಿ ಬಂದು ಕೇಳಿದಾಗ ನಿಧಾನಣ್ಣ ಬಗ್ಗಿ, ಹೊಡೆದಿದ್ದ ಗೂಟವನ್ನೇ ಮತ್ತೆ ಹೊಡೆದ. ಆ ಗುಮಾಸ್ತರು ದಾರಿಯುದ್ದ ಒಬ್ಬ ಹೆಂಗಸಿನ ಹೆಸರು ಹಿಡಿದು ಕರೆದಿದ್ದರು, ಅದು ಈಕೆಯ ಹೆಸರಾಗಿರಲಿಲ್ಲ. ನಿದ್ದೆಯಲ್ಲಿದ್ದರು ಎಂದು ಅವನು ಹೇಳಿದ. ಆಕೆ ಅವನ ಮುಖವನ್ನೇ ನೋಡಿದರು.

"ನಿದ್ದೆ ಬಂದ್ರೆ ಅವರು ಗೊರಕೆ ಹೊಡೀತಿದ್ರು. ಗೊರಕೆ ಕೇಳಿಸ್ತಾ?"

"ಕೇಳಿಸ್ತಮ್ಮಾ."

"ಸರಿ," ಎಂದರು ಆಕೆ. ತಗಡಿನ ಮೇಲೆ ಅಕ್ಷರ ಸ್ವಲ್ಪ ದಪ್ಪಗೆ ಬರೆಯಲು ಮೇಡಂಗೆ ಹೇಳಬೇಕೆಂದು ತಿಳಿಸಿ, ಬಂದ ದಾರಿಯಲ್ಲೇ ಹೋದರು. ಆಕೆಗೆ ಎಷ್ಟು ಗೊತ್ತಿತ್ತೋ ಅವನಿಗೆ ಕೊನೆಗೂ ತಿಳಿಯಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಅವನು ಇದನ್ನು ಮಗಳಿಗೆ ಹೇಳಿದ. ಅವಳು ತಟ್ಟೆಯಿಂದ ತಲೆಯೆತ್ತದೆ ಅಂದಳು: "ಊರಿನವರೆಲ್ಲ ನಿನ್ನ ಹತ್ರ ಕೇಳ್ತಾರೆ. ನೀನು ಅಮ್ಮಂದು ಯಾವತ್ತಾದ್ರೂ ಕೇಳಿದ್ಯಾ ಅಪ್ಪಾ?"

ಅವನು ಇಲ್ಲವೆಂದು ತಲೆಯಾಡಿಸಿದ. "ನನ್ನನ್ನೇ ಕರೆದಿದ್ರೆ?" ಎಂದ. ಮಗಳು ಎದ್ದು ಅವನ ಲೋಟಕ್ಕೆ ನೀರು ಹಾಕಿದಳು.

ಪಾರ್ಕಿನಲ್ಲಿ ಗುಂಡಿಗಳನ್ನು ಎಣಿಸಿದಾಗ ನಲವತ್ಮೂರಿದ್ದವು. ಒಂದು ಹೆಚ್ಚಾಗಿದೆ ಎಂದು ಅವನು ಮೇಡಂಗೆ ತೋರಿಸಿದ. ತಾನು ಜೀವನವಿಡೀ ಕಲಿಸಿದ್ದು ಡ್ರಾಯಿಂಗು, ಎಣಿಕೆ ಸ್ವಲ್ಪ ಕಷ್ಟ ಎಂದು ಹೇಳಿ ಅವರು ಕುಂಚ ತೊಳೆಯಲು ಹೋದರು.

ಉದ್ಘಾಟನೆಯ ದಿನ ಬೂರುಗದ ಮರದಿಂದ ಹತ್ತಿ ಹಾರುವ ಕಾಲ. ಎಲ್ಲಿಂದಲೋ ಬಂದ ಬಿಳಿ ಎಳೆಗಳು ಜನರ ತಲೆಯ ಮೇಲೆ, ಶಾಮಿಯಾನದ ಮೇಲೆ, ಭಾಷಣ ಓದುತ್ತಿದ್ದ ಅಧಿಕಾರಿಯ ಹುಬ್ಬಿನ ಮೇಲೆ ನಿಧಾನವಾಗಿ ಇಳಿಯುತ್ತಿದ್ದವು. ಮೈಕು ಒಮ್ಮೆ ಕಿರುಚಿ, ಆಮೇಲೆ ತಾನಾಗಿಯೇ ದನಿ ತಗ್ಗಿಸಿಕೊಂಡಿತು. ಮನೆಯವರು ತಂತಮ್ಮ ಗುಂಡಿಯ ಪಕ್ಕ ಸಸಿ ಹಿಡಿದು, ಫೋಟೋಗೆ ನಿಂತವರಂತೆ ನಿಂತಿದ್ದರು. ಇಷ್ಟು ಜನ ಸೇರುತ್ತಾರೆಂದು ಗೇಟಿನ ಬಳಿ ಒಂದು ಆಂಬ್ಯುಲೆನ್ಸ್ ತರಿಸಿದ್ದರು. ಅದರ ಬಾಗಿಲಿಗೆ ಒರಗಿ ಹಾರ್ನ್ ತಮ್ಮ ನಿಂತಿದ್ದ, ಮೀಸೆ ಬೆಳ್ಳಗಾಗಿತ್ತು.

ನಿಧಾನಣ್ಣ ಪೈಪನ್ನು ನೆಲಕ್ಕಿಟ್ಟ. ಗೇಟಿನವರೆಗೆ ಹೋದ. ಮಾತು ತಾನಾಗಿಯೇ ಬಂತು.

"ಆ ದಿನ ಅವಳು ಏನಾದ್ರೂ ಅಂದ್ಲಾ?"

ಹಾರ್ನ್ ತಮ್ಮ ಬಾಗಿಲಿನಿಂದ ಬೆನ್ನೆತ್ತಿ ನೆಟ್ಟಗೆ ನಿಂತ. ನೀವು ಕೇಳಲಿ ಅಂತ ಆರು ವರ್ಷ ಕಾದೆ, ಕೇಳದಿರಲಿ ಅಂತಲೂ ಕಾದೆ ಎಂದ. ಆಮೇಲೆ ಹೇಳಿದ.

"ಸೈರನ್ ನಿಲ್ಲಿಸಪ್ಪಾ ಅಂದ್ರು ಅತ್ತಿಗೆ. ಅವರು ಎಲ್ಲೋ ದಾರಿಯಲ್ಲಿ ಗಾಡಿ ಓಡಿಸ್ತಿರ್ತಾರೆ, ಕೇಳಿಸಿದ್ರೆ ಯಾರ ಮನೇದೋ ಅಂತ ಜೀವ ಹಿಡಿ ಮಾಡ್ಕೋತಾರೆ, ಬೇಡ ಅಂದ್ರು. ನಿಲ್ಲಿಸಿದೆ ಅಣ್ಣಾ. ಹಾರ್ನೂ ಮುಟ್ಟಲಿಲ್ಲ. ಸೇತುವೆ ಹತ್ರ ನೀವೇ ಎದುರಿಗೆ ಬಂದ್ರಿ. ಲೈಟ್ ಹಾಕಿದ್ರಿ. ನಾನೂ ಹಾಕಿದೆ."

ನಿಧಾನಣ್ಣನಿಗೆ ಆ ಕ್ಷಣ ಕಣ್ಣ ಮುಂದೆ ಬಂತು. ಹೊಳೆಯ ಮೇಲಿನ ಬೆಳಕು. ಎದುರಿನಿಂದ ಸದ್ದಿಲ್ಲದೆ ತೇಲಿ ಬಂದ ಬಿಳಿ ಗಾಡಿ. ಖಾಲಿ ಗಾಡಿ ಎಂದುಕೊಂಡಿದ್ದ. ಚಾಲಕರ ವಾಡಿಕೆಯಂತೆ ಲೈಟು ಮಿನುಗಿಸಿ, ನಗುತ್ತ ದಾಟಿ ಹೋಗಿದ್ದ.

"ಯಾರಿಗಪ್ಪಾ ಲೈಟು ಅಂತ ಕೇಳಿದ್ರು," ಹಾರ್ನ್ ತಮ್ಮ ಮುಂದುವರಿಸಿದ. "ಅಣ್ಣ ಹೋದ್ರು ಅಂದೆ. ನಿಧಾನಕ್ಕೇ ಹೋಗ್ತಿದ್ದಾರಾ ಅಂದ್ರು. ಹೂಂ ಅತ್ತಿಗೆ ಅಂದೆ. ಆಮೇಲೆ ಏನೂ ಮಾತಾಡ್ಲಿಲ್ಲ. ತಿರುಗಿ ನಿಮ್ಮನ್ನ ಕರೀಬೇಕಿತ್ತೇನೋ ಅಂತ ಇವತ್ತಿಗೂ ಅನ್ನಿಸ್ತದೆ."

"ನನ್ನ ಗಾಡೀಲೂ ಒಬ್ಬಳು ಇದ್ದಳಲ್ಲ," ಎಂದ ನಿಧಾನಣ್ಣ. ಅಷ್ಟು ಹೇಳಿ, ಹಾರ್ನ್ ತಮ್ಮನ ಭುಜದ ಮೇಲೆ ಕೂತಿದ್ದ ಹತ್ತಿಯ ಎಳೆಯೊಂದನ್ನು ತೆಗೆದು ಗಾಳಿಗೆ ಬಿಟ್ಟ.

ಚಪ್ಪಾಳೆ ಕೇಳಿತು; ಭಾಷಣ ಮುಗಿದಿತ್ತು. ನಿಧಾನಣ್ಣ ನೇರವಾಗಿ ಮೇಡಂ ಬಳಿ ಹೋಗಿ, ಆ ಕೊನೆಯ ಗುಂಡಿ ತನಗೆ ಬೇಕು ಎಂದ. ಅವರು ಚೀಲದಿಂದ ಬಿಳಿ ಬಣ್ಣ ಬಳಿದು ಒಣಗಿಸಿಟ್ಟಿದ್ದ ಖಾಲಿ ತಗಡೊಂದನ್ನು ತೆಗೆದು, ಮಂಡಿಯ ಮೇಲಿಟ್ಟುಕೊಂಡು, ಏನು ಬರೆಯಲಿ ಎಂದರು. ದಾಖಲೆಯಲ್ಲಿದ್ದ ಹೆಸರು ಹೇಳಲು ಬಾಯಿ ತೆರೆದವನು, ಬೀದಿಯವರಿಗೆ ಆ ಹೆಸರೇ ಗೊತ್ತಿಲ್ಲವಲ್ಲ ಎಂದುಕೊಂಡು, ಹೊಲಿಗೆಯಕ್ಕ ಎಂದು ಬರೆಸಿದ.

ಸಸಿಗಳೆಲ್ಲ ಹಂಚಿಹೋಗಿ, ಯಾರೂ ಮುಟ್ಟದ ಒಂದು ಸೊಟ್ಟ ನೇರಳೆ ಉಳಿದಿತ್ತು. ಆಸ್ಪತ್ರೆಯ ಬಿಳಿ ಕೋಟಿನಲ್ಲೇ ಓಡಿ ಬಂದಿದ್ದ ಮಗಳು ಅದನ್ನು ನೆಟ್ಟಗೆ ಹಿಡಿಯಲು ನೋಡಿ, ಆಗದೆ, ಅದರ ಇಷ್ಟದಂತೆಯೇ ಹಿಡಿದಳು. ಅಪ್ಪ ಮಣ್ಣು ಎಳೆದ. ಹಾರ್ನ್ ತಮ್ಮ ಗೇಟು ಬಿಟ್ಟು ಬರಬಾರದೆಂಬ ನಿಯಮ ಮರೆತು ಬಂದು ನೀರು ಹೊಯ್ದ. ಸೈರನ್ನಿನ ಮಾತನ್ನು ಅಪ್ಪ ಅಲ್ಲೇ, ಬಗ್ಗಿದ್ದಂತೆಯೇ, ಮಗಳಿಗೆ ಹೇಳಿದ. ಅವಳು ಕೈಯ ಮಣ್ಣು ಕೊಡವದೆ ಅವನ ಬೆನ್ನ ಮೇಲಿಟ್ಟಳು. ಅವನ ಬಿಳಿ ಅಂಗಿಯ ಮೇಲೆ ಐದು ಬೆರಳು ಮೂಡಿದವು.

ಮೊದಲ ಬೇಸಿಗೆಯಲ್ಲಿ ನಾಲ್ಕು ಗಿಡ ಒಣಗಿದವು, ಬೇರೆ ನೆಟ್ಟರು. ಈಗ ಐದು ವರ್ಷ. ಎಷ್ಟೋ ಗಿಡಗಳು ಮನುಷ್ಯನನ್ನು ಮೀರಿ ಬೆಳೆದಿವೆ. ಸಂಜೆ ಜನ ಬಂದು ನೆರಳಿಗೆ ಕೂರುತ್ತಾರೆ. ಅಡುಗೆ, ಮೊಣಕಾಲು ನೋವು, ಮಕ್ಕಳ ಪರೀಕ್ಷೆ, ಎಲ್ಲ ಮಾತೂ ಅಲ್ಲೇ ಆಗುತ್ತದೆ. ಕೊನೆಯ ಮಾತು ಕೇಳಲು ಈಗ ಯಾರೂ ಬರುವುದಿಲ್ಲ. ನಿಧಾನಣ್ಣನಿಗೂ ಅವು ಅಷ್ಟು ಸ್ಪಷ್ಟವಾಗಿ ಕೇಳುವುದಿಲ್ಲ. ಎಲೆಗಳ ಸದ್ದಿನಲ್ಲಿ ಬೆರೆತುಹೋಗಿವೆಯೋ ಏನೋ ಎನ್ನುತ್ತಾನೆ.

ಮೊನ್ನೆ ಮಧ್ಯಾಹ್ನ, ಇದೇ ಬೀದಿಯಲ್ಲಿರುವ ನಾನೂ ಪಾರ್ಕಿನ ಕಡೆ ಹೋಗಿದ್ದೆ. ಯಾರೋ ಹೆಂಗಸು, ಎಲ್ಲಿಯದೋ ಕೆಲಸ ಮುಗಿಸಿ ಬಂದವಳು, ಹುಲ್ಲಿನ ಮೇಲೆ ಮುಖಕ್ಕೆ ಪೇಪರ್ ಮುಚ್ಚಿಕೊಂಡು ನಿದ್ದೆ ಹೋಗಿದ್ದಳು. ಅವಳಾಚೆಯ ಸಾಲಿಗೆ ಇನ್ನೂ ನೀರಾಗಿರಲಿಲ್ಲ. ನಿಧಾನಣ್ಣ ಪೈಪನ್ನು ಮಡಿಸಿ, ನೀರು ಚಿಮ್ಮದಂತೆ ಬೆರಳಿನಿಂದ ಬಿಗಿಹಿಡಿದು, ಅವಳು ತಾನಾಗಿ ಏಳುವವರೆಗೂ ಬಿಸಿಲಿನಲ್ಲಿ ನಿಂತೇ ಇದ್ದ.