ಅಮ್ಮ ತೊಳೆದ ಮಿಗ್ ವಿಮಾನ

ಗೆಳೆಯರೇ, ಕೊಲ್ಲಿ ನಾಡಿನ ಅಲ್ ಗುಬ್ರಾದ ನಮ್ಮ ಫ್ಲ್ಯಾಟಿನಲ್ಲಿ ಇಂದು ಒಂದು ಯುದ್ಧವಿಮಾನಕ್ಕೆ ಸ್ನಾನವಾಯಿತು. ತೀರಿಕೊಂಡ ಅಪ್ಪ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದರು. ಅವರು ನೋಡಿಕೊಳ್ಳುತ್ತಿದ್ದ ಮಿಗ್ ವಿಮಾನದ ಪುಟ್ಟ ಮಾದರಿಯನ್ನು ಜೋಡಿಸಿ, ಬಣ್ಣ ಹೊಡೆದು, ಹಾರಿ ಹಳತಾದಂತೆ ಕಾಣಲೆಂದು ಮೂರು ವಾರ ಕೂತು ಮಸಿ, ಧೂಳು ಬಳಿದಿದ್ದೆ. ನಾನು ಆಫೀಸಿನಿಂದ ಬರುವಷ್ಟರಲ್ಲಿ, ಮೈಸೂರಿನಿಂದ ಬಂದಿರುವ ಅಮ್ಮ ಅದನ್ನು ಸೋಪು ಹಾಕಿ ತೊಳೆದು ಬಾಲ್ಕನಿಯಲ್ಲಿ ಒಣಗಲು ಇಟ್ಟಿದ್ದರು.

"ಅಮ್ಮಾ, ಆ ಕೊಳೆ ಬೇಕಂತಲೇ ಮಾಡಿದ್ದು," ಎಂದೆ.

"ನಿಮ್ಮಪ್ಪ ದಿನಾ ವಿಮಾನಾನ ಒರೆಸಿ ಒರೆಸಿ ಕಳಿಸ್ತಿದ್ರು ಕಣೋ. ಮಸಿಯೆಲ್ಲ ಅವರ ಅಂಗಿ ಮೇಲೆ ಇರ್ತಿತ್ತು. ಒಗೆದವಳು ನಾನು."

ಎಣ್ಣೆ ವಾಸನೆಯ ಆ ನೀಲಿ ಅಂಗಿ ನೆನಪಾಗಿ ನನ್ನ ಸಿಟ್ಟು ಇಳಿಯಿತು. ಇನ್ನು ಮಸಿ ಬಳಿಯುವುದಿಲ್ಲ. ಅಮ್ಮ ಉಜ್ಜಿದ ರಭಸಕ್ಕೆ ಕಿತ್ತುಹೋದ ಹಿಂದಿನ ಒಂದು ಚಕ್ರವನ್ನು ಮಾತ್ರ ಇಬ್ಬರೂ ಸಿಂಕಿನಲ್ಲಿ ಹುಡುಕುತ್ತಿದ್ದೇವೆ.